ಗುಂಡಿ ತಿರುಗಿಸುವುದು ಸಾಕೇ? – ಥರ್ಮೋಸ್ಟಾಟಿನ ಕಥೆ



ನಿಮ್ಮ ತರಗತಿಯಲ್ಲಿ ಈ ಪ್ರಶ್ನೆ ಕೇಳಿ ನೋಡಿ: ‘ಇಸ್ತ್ರಿಪೆಟ್ಟಿಗೆ ಬೇಗ ಕಾಯಲಿ ಅಂತ ಗುಂಡಿಯನ್ನು ಪೂರ್ತಿ ತಿರುಗಿಸಿದರೆ ಪ್ರಯೋಜನ ಉಂಟಾ?’ ಹಲವು ಮಕ್ಕಳು ‘ಹೌದು’ ಅಂತಾರೆ. ದೊಡ್ಡವರೂ ಹಾಗೇ ತಿಳಿದಿರುತ್ತಾರೆ. ಆದರೆ ಉತ್ತರ ‘ಇಲ್ಲ’. ಗುಂಡಿ ಎಲ್ಲಿದ್ದರೂ ಒಳಗಿನ ತಂತಿ ಒಂದೇ ವೇಗದಲ್ಲಿ ಶಾಖ ಕೊಡುತ್ತದೆ. ಎಷ್ಟು ಬಿಸಿಯಾದ ಮೇಲೆ ನಿಲ್ಲಬೇಕು ಎನ್ನುವುದನ್ನಷ್ಟೇ ಗುಂಡಿ ಹೇಳುತ್ತದೆ.

ಹಾಗೆ ನಿಲ್ಲಿಸುವ ಭಾಗವೇ ಥರ್ಮೋಸ್ಟಾಟ್. ಅದರೊಳಗೆ ನಮ್ಮ ಪಠ್ಯದ ದ್ವಿಲೋಹ ಪಟ್ಟಿ ಇರುತ್ತದೆ. ಉದಾಹರಣೆಗೆ ಹಿತ್ತಾಳೆ ಮತ್ತು ಕಬ್ಬಿಣದ ಪಟ್ಟಿಗಳನ್ನು ಬೆಸೆದರೆ, ಬಿಸಿಯಾದಾಗ ಹಿತ್ತಾಳೆ ಹೆಚ್ಚು ಹಿಗ್ಗಿ ಜೋಡಿಪಟ್ಟಿ ಕಬ್ಬಿಣದ ಕಡೆಗೆ ಬಾಗುತ್ತದೆ. ಬಾಗಿದಾಗ ವಿದ್ಯುತ್ ಸಂಪರ್ಕ ಕಡಿಯುತ್ತದೆ. ತಣ್ಣಗಾದರೆ ಮತ್ತೆ ಕೂಡುತ್ತದೆ. ಇಷ್ಟೇ ಸಂಗತಿ.

ನೀಲಗಿರಿಯ ಚಳಿಯಲ್ಲೂ ನಾವು ಕಂಬಳಿ ಹೊದೆಯುತ್ತೇವೆ, ಬೆಂಕಿ ಕಾಯಿಸುತ್ತೇವೆ. ಅಮೆರಿಕದಂಥ ದೇಶಗಳಲ್ಲಿ ಇಡೀ ಮನೆಯನ್ನೇ ಕಾಯಿಸುವ ವ್ಯವಸ್ಥೆ ಇರುವುದರಿಂದ ಅಲ್ಲಿ ಥರ್ಮೋಸ್ಟಾಟ್ ಗೋಡೆಯ ಮೇಲಿರುತ್ತದೆ. ಅದರ ಚರಿತ್ರೆಯಲ್ಲಿ ನಮ್ಮ ವೃತ್ತಿಯವರೊಬ್ಬರಿದ್ದಾರೆ: ವಿಸ್ಕಾನ್ಸಿನ್‌ನ ವೈಟ್‌ವಾಟರ್ ಶಿಕ್ಷಕ ತರಬೇತಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ವಾರನ್ ಜಾನ್ಸನ್. 1883ರಲ್ಲಿ ಅವರು ಪೇಟೆಂಟ್ ಪಡೆದ ಸಾಧನ, ಕೋಣೆಯ ಬಿಸಿ ಏರಿಳಿದಾಗ ಗಂಟೆ ಬಾರಿಸಿ ಒಲೆ ನೋಡಿಕೊಳ್ಳುವವನಿಗೆ ತಿಳಿಸುತ್ತಿತ್ತು. ಸುದ್ದಿ ಕೊಡುವುದು ಯಂತ್ರದ ಕೆಲಸ, ಉಳಿದದ್ದು ಮನುಷ್ಯನದು. 1953ರಲ್ಲಿ ಹನಿವೆಲ್ ಕಂಪನಿಯ ದುಂಡನೆಯ ಥರ್ಮೋಸ್ಟಾಟ್ ಬಂತು. ಅದನ್ನು ಕೈಯಲ್ಲಿ ತಿರುಗಿಸಿದರೆ ಆಯಿತು, ಪುಸ್ತಕ ಓದಬೇಕಾಗಿಲ್ಲ.

ಆಮೇಲೆ ಬಂದವು ಸಮಯ ಹೊಂದಿಸುವ ಥರ್ಮೋಸ್ಟಾಟ್‌ಗಳು: ರಾತ್ರಿ ಇಷ್ಟು, ಬೆಳಿಗ್ಗೆ ಅಷ್ಟು, ಭಾನುವಾರ ಬೇರೆ. ಲೆಕ್ಕ ಸರಿಯಾಗಿಯೇ ಇತ್ತು. ದಿನಕ್ಕೆ ಎಂಟು ತಾಸು ತಾಪವನ್ನು ಸುಮಾರು 4ರಿಂದ 5.5 ಡಿಗ್ರಿ ಸೆಲ್ಸಿಯಸ್ ಇಳಿಸಿದರೆ ವರ್ಷದ ಖರ್ಚಿನಲ್ಲಿ ಶೇ. 10ರವರೆಗೆ ಉಳಿಯಬಹುದು ಎಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಆದರೆ ಗುಂಡಿಗಳ ಗೊಂದಲಕ್ಕೆ ಬೇಸತ್ತು ಅನೇಕರು ಸಮಯಪಟ್ಟಿಯನ್ನೇ ಬದಿಗಿಟ್ಟು ಒಂದೇ ತಾಪದಲ್ಲಿ ಬಿಟ್ಟುಬಿಟ್ಟರು. ನಿರೀಕ್ಷಿಸಿದ ಉಳಿತಾಯ ಕಾಣಲಿಲ್ಲ. 2009ರ ಕೊನೆಗೆ ಅಲ್ಲಿನ ಸರಕಾರ ಈ ಸಾಧನಗಳಿಗೆ ‘ಎನರ್ಜಿ ಸ್ಟಾರ್’ ಗುರುತು ಕೊಡುವುದನ್ನೇ ನಿಲ್ಲಿಸಿತು.

ಹಾಗಂತ ಯಂತ್ರದ್ದೇ ತಪ್ಪು ಅನ್ನಬೇಡಿ. ದಿನಚರಿ ಬದಲಾಗದ ಮನೆಗೆ, ಹೊಂದಿಸಲು ಬಲ್ಲವರಿಗೆ ಅದು ಒಳ್ಳೆಯದೇ. ಆದರೆ ಮಲಗುವ ಮುಂಚೆ ನೆನಪಿಟ್ಟು ಗುಂಡಿ ಇಳಿಸುವವರಿಗೆ ಸಾದಾ ಥರ್ಮೋಸ್ಟಾಟೂ ಅದೇ ಉಳಿತಾಯ ಕೊಡುತ್ತದೆ. ಜೊತೆಗೆ, ಅದು ಏನು ಮಾಡುತ್ತಿದೆ ಎನ್ನುವುದು ಕಣ್ಣಿಗೆ ಕಾಣುತ್ತದೆ.

ಸಾದಾ ಗುಂಡಿಗೂ ತಿಳಿವಳಿಕೆ ಬೇಕು, ಅಲ್ವಾ? ಅದನ್ನು ನೀರಿನ ನಲ್ಲಿಯ ಹಾಗೆ, ಹೆಚ್ಚು ತಿರುಗಿಸಿದಷ್ಟು ಹೆಚ್ಚು ಶಾಖ ಎಂದು ಭಾವಿಸುವವರಿದ್ದಾರೆ ಎಂಬುದನ್ನು ವಿಲೆಟ್ ಕೆಂಪ್ಟನ್ 1986ರಲ್ಲೇ ಬರೆದು ತೋರಿಸಿದ್ದರು. ನಮ್ಮ ಇಸ್ತ್ರಿಪೆಟ್ಟಿಗೆಯ ಪ್ರಶ್ನೆಯೂ ಅದೇ.

ತರಗತಿಗೊಂದು ಚಟುವಟಿಕೆ: ತೆಳು ಅಲ್ಯೂಮಿನಿಯಂ ಹಾಳೆಗೆ ಕಾಗದ ಅಂಟಿಸಿ, ಚೆನ್ನಾಗಿ ಒಣಗಿದ ಮೇಲೆ ಬೆರಳಗಲದ ಪಟ್ಟಿ ಕತ್ತರಿಸಿ. ಇಕ್ಕಳದಲ್ಲಿ ಹಿಡಿದು, ಮೇಣದಬತ್ತಿಯ ಜ್ವಾಲೆಗೆ ತಾಗದಂತೆ ಸ್ವಲ್ಪ ಎತ್ತರದಲ್ಲಿ ನೀವೇ ಕಾಯಿಸಿ ತೋರಿಸಿ. ಪಟ್ಟಿ ಯಾವ ಕಡೆಗೆ ಬಾಗುತ್ತದೆ ಎಂದು ಮೊದಲೇ ಮಕ್ಕಳಿಂದ ಊಹೆ ಬರೆಸಿಕೊಳ್ಳಿ. ಕಾಗದದ ಕಡೆಗೆ ಬಾಗಿದಾಗ ಕಾರಣವನ್ನು ಅವರೇ ಹೇಳಲಿ. ಆಮೇಲೆ ಇಸ್ತ್ರಿಪೆಟ್ಟಿಗೆಯ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ.