ರಷ್ಯನ್ ಕಲಿಯಲು ಯಾವ ಪುಸ್ತಕ?

ಮಗಳು ಡಾಕ್ಟರಿಕೆ ಓದಲು ರಷ್ಯಾಕ್ಕೆ ಹೊರಟಿದ್ದಾಳೆಯೇ? "ಪಾಠವೆಲ್ಲ ಇಂಗ್ಲಿಷಿನಲ್ಲೇ ಅಂತೆ, ಆ ಭಾಷೆ ಯಾಕೆ?" ಅನ್ನಬೇಡಿ. ಅಲ್ಲಿನ ಆಸ್ಪತ್ರೆಯಲ್ಲಿ ಮಲಗಿದ ಅಜ್ಜಿ ತನ್ನ ನೋವು ಹೇಳಿಕೊಳ್ಳುವುದು ರಷ್ಯನ್ನಿನಲ್ಲೇ.

ಆನೇಕಲ್ಲಿನಿಂದ ಬಸ್ಸು ಹತ್ತಿ ಬೆಂಗಳೂರಿನ ಪುಸ್ತಕದಂಗಡಿಗೆ ಹೋದಾಗ ಅವಸರ ಬೇಡ. ಅಗ್ಗದ ಹಳೇ ಸೋವಿಯತ್ ಪುಸ್ತಕ ಕಣ್ಣಿಗೆ ಬಿದ್ದೀತು. ಅದರ ವ್ಯಾಕರಣ ಕೆಟ್ಟಿಲ್ಲ. ಆದರೆ ಅದರೊಳಗಿನ ಲೆನಿನ್‌ಗ್ರಾದ್ ನಗರದ ಹೆಸರೇ 1991ರಲ್ಲಿ ಬದಲಾಯಿತು!

ಮೊದಲು ಹಾಳೆ ತಿರುವಿ, ಪದಗಳಲ್ಲಿ ಸ್ವರದ ಮೇಲೆ ಸಣ್ಣ ಗೆರೆ ಇದೆಯೇ ನೋಡಿ. ಒತ್ತಿ ಹೇಳಬೇಕಾದ ಜಾಗ ಅದು. ನಾವು ಬರೆದಂತೆ ಓದುವವರು. ಅವರೋ ಹಾಲಿಗೆ 'ಮೊಲೊಕೊ' ಎಂದು ಬರೆದು 'ಮಲಕೋ' ಎನ್ನುತ್ತಾರೆ. 'ಜಾಮಕ್' ಎಂದರೆ ಕೋಟೆ, 'ಜಮೋಕ್' ಎಂದರೆ ಬೀಗ, ಬರೆಯುವುದು ಮಾತ್ರ ಒಂದೇ ತರಹ. ಗೆರೆಯಿಲ್ಲದ ಪುಸ್ತಕವನ್ನು ಅಲ್ಲೇ ಇಟ್ಟುಬಿಡಿ.

ನಿಕೊಲಸ್ ಬ್ರೌನ್ ಅವರ 'ನ್ಯೂ ಪೆಂಗ್ವಿನ್ ರಷ್ಯನ್ ಕೋರ್ಸ್'ನಲ್ಲಿ (1996) ಗೆರೆಯೂ ಉಂಟು, ಅಭ್ಯಾಸಗಳಿಗೆ ಉತ್ತರವೂ ಉಂಟು. ಮೇಷ್ಟ್ರಿಲ್ಲದೆ ಕಲಿಯುವವರಿಗೆ ಉತ್ತರ ಬೇಕೇ ಬೇಕು. ಉಚ್ಚಾರಣೆಯನ್ನು ಫೋನಿನಲ್ಲಿ ಕೇಳಿಸಿಕೊಳ್ಳಲಿ.

ವಿಭಕ್ತಿ ಆರು ಎಂದು ಮಗಳು ಹೆದರಿದರೆ ನಕ್ಕುಬಿಡಿ, ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಏಳು! 'ಇದು ಮನೆ' ಎನ್ನುವಂತೆ ಅವರೂ 'ಎತ ದೋಮ್' ಎಂದು ಎರಡೇ ಮಾತಿನಲ್ಲಿ ಮುಗಿಸುತ್ತಾರೆ. 33 ಅಕ್ಷರಗಳನ್ನು ಹೊರಡುವ ಮುಂಚೆಯೇ ತಿದ್ದಿಸಿ. ಜೊತೆಗೆ ಕೂತು ನೀವೂ ತಿದ್ದಿ. ಅವಳ ವಿಳಾಸ ಓದಲಾದರೂ ಬಂದೀತು.