ಕಡಲ ತಳದಲ್ಲಿ ಮಂಗಳೂರು ಹಂಚು

ಗೋವಾ ಕರಾವಳಿಯಲ್ಲಿ ಮುಳುಗಿದ ಹಡಗೊಂದರ ಗುರುತು ಹೇಳಿದ್ದು ಚಿನ್ನವಲ್ಲ, ಫಿರಂಗಿಯಲ್ಲ. ಹಂಚಿನ ಆವಿಗೆಯಲ್ಲಿ ಬೆಂದ ಮಣ್ಣು. ಆ ಶೋಧಕ್ಕೂ ನರಗುಂದದ ಹಳೆಯ ಮನೆಗಳಿಗೂ ಏನು ನಂಟು?

ನರಗುಂದದಲ್ಲಿ ನಿಂತವರಿಗೆ ಸಮುದ್ರ ದೂರದ ಮಾತು. ಕಣ್ಣು ಹಾಯುವಷ್ಟೂ ಎರೆ ಹೊಲ, ನಡುವೆ ಕೋಟೆಯ ಗುಡ್ಡ. ಆದರೂ ಈ ಸೀಮೆಯ ರೈತರ ಬಾಯಲ್ಲಿ ಕಡಲು ಸೇರುವ ಒಂದು ನದಿಯ ಹೆಸರು ದಿನವೂ ಇದೆ. ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ, ಗೋವಾದಲ್ಲಿ ಮಾಂಡೋವಿಯಾಗಿ ಪಣಜಿಯ ಬಳಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಅದರ ಅಳಿವೆಗೆ ಹತ್ತಿರದಲ್ಲೇ, ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ. ಭಾರತದಲ್ಲಿ ಕಡಲ ತಳದ ಪುರಾತತ್ತ್ವ ಬೆಳೆದದ್ದು ಅಲ್ಲಿ. ಅದಕ್ಕೆ ಅಡಿಪಾಯ ಹಾಕಿದವರು ಕನ್ನಡಿಗರೇ ಆದ ಶಿಕಾರಿಪುರ ರಂಗನಾಥ ರಾವ್. ಲೋಥಲ್‌ನ ಉತ್ಖನನದಿಂದ ಹೆಸರಾದ ಅವರು, ನಂತರ ದ್ವಾರಕೆಯ ನೀರಿನಡಿಯ ಶೋಧವನ್ನೂ ಮುನ್ನಡೆಸಿದರು.

ಬಂಡೆಸಾಲಿನ ಸರಕು

ಆ ಸಂಸ್ಥೆಯ ಸಿಲಾ ತ್ರಿಪಾಠಿ, ಎ.ಎಸ್. ಗೌರ್ ಮೊದಲಾದ ಸಂಶೋಧಕರು ಗೋವಾದ ಗ್ರಾಂಡೆ ದ್ವೀಪದ ಸುತ್ತಮುತ್ತಲಿನ ಬಂಡೆಸಾಲುಗಳಲ್ಲಿ ಹಲವು ಹಡಗುಗಳ ಅವಶೇಷ ಶೋಧಿಸಿದ್ದಾರೆ. ಸುಂಚಿ ಬಂಡೆಸಾಲಿನಲ್ಲಿ ಆನೆದಂತ, ನೀರಾನೆಯ ಹಲ್ಲು, ಚೀನಾ ಪಿಂಗಾಣಿಯ ಚೂರು, ಫಿರಂಗಿ ಸಿಕ್ಕವು. ಅದು 17ನೇ ಶತಮಾನದ ಆರಂಭದ ಪೋರ್ಚುಗೀಸ್ ಹಡಗು ಎಂಬ ತೀರ್ಮಾನಕ್ಕೆ ಅವೇ ಆಧಾರ.

ಸೇಂಟ್ ಜಾರ್ಜ್ ಬಂಡೆಸಾಲಿನಲ್ಲಿ ಕಂಡದ್ದೇ ಬೇರೆ. ಮಾಡಿನ ಹಂಚು, ಮಾಡಿನ ನೆತ್ತಿಗೆ ಮುಚ್ಚುವ ಹಂಚು, ನೆಲಕ್ಕೆ ಹಾಸುವ ಬಿಲ್ಲೆ, ಕಂಬ ಕಟ್ಟುವ ಟೊಳ್ಳು ತುಂಡುಗಳು, ಎಲೆಗಳ ಅಲಂಕಾರದ ಕೊರಿಂಥಿಯನ್ ಬೋದಿಗೆ. ಎಲ್ಲವೂ ಸುಟ್ಟ ಮಣ್ಣಿನವು. ಹಂಚುಗಳ ಮೇಲೆ ಅಚ್ಚೊತ್ತಿದ್ದ ಅಕ್ಷರಗಳು: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865.

ಬೆಚ್ಚನೆಯ ಸಮುದ್ರದಲ್ಲಿ ಮರದ ಹಡಗಿಗೆ ಆಯುಸ್ಸು ಕಡಿಮೆ. ಕೊರೆಹುಳುಗಳು ಹಲಗೆಯನ್ನು ತಿನ್ನುತ್ತವೆ, ಕಬ್ಬಿಣ ತುಕ್ಕು ಹಿಡಿದು ಕರಗುತ್ತದೆ, ಅಲೆಗಳು ಉಳಿದದ್ದನ್ನು ಚದುರಿಸುತ್ತವೆ. ಚೆನ್ನಾಗಿ ಬೆಂದ ಮಣ್ಣು ಮಾತ್ರ ತನ್ನ ಮೇಲಿನ ಅಕ್ಷರವನ್ನು ಬಿಟ್ಟುಕೊಡುವುದಿಲ್ಲ.

ಮುದ್ರೆಯ ವರ್ಷ, ಮುಳುಗಿದ ವರ್ಷ

ಹಂಚಿನ ಮೇಲೆ 1865 ಎಂದಿದ್ದ ಮಾತ್ರಕ್ಕೆ ಹಡಗು ಆಗಲೇ ಮುಳುಗಿತು ಎನ್ನುವಂತಿಲ್ಲ. ಅದು ಕಾರ್ಖಾನೆ ಹುಟ್ಟಿದ ವರ್ಷ. 1834ರಲ್ಲಿ ಮಂಗಳೂರಿಗೆ ಬಂದ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ ಬಾಸೆಲ್ ಮಿಶನ್, ಜಾರ್ಜ್ ಪ್ಲೆಬ್ಸ್ಟ್ ಅವರ ಮುಂದಾಳತ್ವದಲ್ಲಿ ನೇತ್ರಾವತಿ ದಡದ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಆ ವರ್ಷ ಮುಂದೆಯೂ ವ್ಯಾಪಾರದ ಗುರುತಾಗಿ ಹಂಚಿನ ಮೇಲೆ ಉಳಿಯಿತು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರ್ಕಾರ ಮಿಶನ್ನಿನ ಉದ್ದಿಮೆಗಳನ್ನು ವಶಕ್ಕೆ ತೆಗೆದುಕೊಂಡಿತು; ಬಳಿಕ ಅವು ಕಾಮನ್‌ವೆಲ್ತ್ ಟ್ರಸ್ಟ್‌ಗೆ ಹೋದವು. ಹಡಗಿನ ಕಾಲವನ್ನು ಹುಡುಕಬೇಕಾದದ್ದು ಈ ಎರಡು ಗೆರೆಗಳ ನಡುವೆ.

ಆ ಅಂತರವನ್ನು ಕಿರಿದುಗೊಳಿಸಲು ಪ್ರಯೋಗಾಲಯ ನೆರವಾಗುತ್ತದೆ. ಮಣ್ಣಿನ ಹರಳುಗಳು ಸುತ್ತಲಿನ ಸಹಜ ವಿಕಿರಣದ ಶಕ್ತಿಯನ್ನು ವರ್ಷವರ್ಷವೂ ಹಿಡಿದಿಟ್ಟುಕೊಳ್ಳುತ್ತವೆ. ಆವಿಗೆಯ ಬೆಂಕಿ ಆ ಲೆಕ್ಕವನ್ನು ಸೊನ್ನೆಗೆ ತರುತ್ತದೆ; ಅಲ್ಲಿಂದ ಹೊಸ ಲೆಕ್ಕ ಶುರು. ಚೂರನ್ನು ಮತ್ತೆ ಕಾಯಿಸಿದಾಗ ಹೊಮ್ಮುವ ಮಂದ ಬೆಳಕನ್ನು ಅಳೆದರೆ ಅದು ಯಾವಾಗ ಬೆಂದಿತೆಂದು ಅಂದಾಜಿಸಬಹುದು. ಇದನ್ನು ಥರ್ಮೊಲ್ಯೂಮಿನಿಸೆನ್ಸ್ ಎನ್ನುತ್ತಾರೆ. ಸಂಶೋಧಕರು ಈ ಹಡಗನ್ನು 1880ರ ನಂತರದ ಕಾಲಕ್ಕೆ ಸೇರಿಸಿದ್ದಾರೆ.

ಯಂತ್ರದ ಅಂದಾಜಿಗೆ ಮುದ್ರೆ ಮಿತಿ ಹಾಕುತ್ತದೆ, ಮುದ್ರೆಯ ಅರ್ಥಕ್ಕೆ ಕಂಪನಿಯ ಇತಿಹಾಸ ಬೇಕು. ಹಡಗಿನ ಗುರುತು ಒಂದೇ ಸಾಕ್ಷಿಯಿಂದ ಸಿದ್ಧವಾಗುವುದಿಲ್ಲ.

ಎರೆನಾಡಿನ ಕಡಲದಾರಿ

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೂ ಮೊದಲು ಹಂಚಿಗೆ ಹೆದ್ದಾರಿಯೆಂದರೆ ಸಮುದ್ರವೇ. ಮಳೆಗಾಲದಲ್ಲಿ ಆ ದಾರಿಯೂ ಮುಚ್ಚುತ್ತಿತ್ತು. ಇತ್ತ ನಮ್ಮ ಒಳನಾಡೂ ಕಡಲಿಗೆ ಹೊರತಾಗಿರಲಿಲ್ಲ. ಧಾರವಾಡ ಸೀಮೆಯ ದೇಶಿ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ವಿಲಾಯಿತಿ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. 1880ರ ದಶಕದಲ್ಲಿ ಮುರಗಾಂವ ಬಂದರಿನಿಂದ ಘಟ್ಟದ ಮೇಲಕ್ಕೆ ರೈಲುಹಳಿ ಬಂದಾಗ ಹುಬ್ಬಳ್ಳಿ, ಗದಗ ಕಡಲಿಗೆ ಇನ್ನಷ್ಟು ಹತ್ತಿರವಾದವು. ಬಾಸೆಲ್ ಮಿಶನ್ ಕೂಡ ಅಷ್ಟರಲ್ಲಾಗಲೇ ಧಾರವಾಡ, ಹುಬ್ಬಳ್ಳಿ, ಬೆಟಗೇರಿಯಲ್ಲಿ ನೆಲೆಯೂರಿತ್ತು. ಮಣ್ಣಿನ ಮಾಳಿಗೆಗಳ ಈ ನಾಡಿನಲ್ಲಿ ಶಾಲೆ, ಕಚೇರಿ, ಗೋದಾಮುಗಳ ಮೇಲೆ ಕೆಂಪು ಮಂಗಳೂರು ಹಂಚು ಬಂದು ಕುಳಿತದ್ದು ಇಂಥ ಸಂಪರ್ಕಗಳ ಫಲ.

ನಮ್ಮ ಸೂರಿನ ಸಾಕ್ಷಿ

ನೀರಿನಡಿಯ ಪುರಾತತ್ತ್ವದ ಅರ್ಧ ಕೆಲಸ ನೆಲದ ಮೇಲೇ ಇದೆ. ಮುಳುಗುಗಾರ ಮೇಲೆ ತಂದ ಹಂಚನ್ನು ಗುರುತಿಸಬೇಕಾದರೆ ಪಕ್ಕದಲ್ಲಿಟ್ಟು ನೋಡಲು ಇನ್ನೊಂದು ಹಂಚು ಬೇಕು: ಯಾವ ಕಾರ್ಖಾನೆ, ಯಾವ ಅಚ್ಚು, ಯಾವ ವರ್ಷದ ಕಟ್ಟಡ ಎಂದು ತಿಳಿದಿರುವ ಹಂಚು. ಅದು ಹಳೆಯ ಶಾಲೆಯ ಮಾಡಿನಲ್ಲಿದೆ, ವಾಡೆಯ ಪಡಸಾಲೆಯ ಮೇಲಿದೆ. ಕಾಂಕ್ರೀಟ್ ಬರುವ ದಿನ ಆ ಹಂಚುಗಳು ಟ್ರ್ಯಾಕ್ಟರ್ ಹತ್ತಿ ತಿಪ್ಪೆ ಸೇರುತ್ತವೆ. ಜೊತೆಗೆ ಒಂದು ದಾಖಲೆಯೂ ಹೋಗುತ್ತದೆ.

ಆದ್ದರಿಂದ ನರಗುಂದ, ರೋಣ, ಗಜೇಂದ್ರಗಡದ ಓದುಗರಲ್ಲಿ ಒಂದು ಕೋರಿಕೆ. ಹಳೆಯ ಕಟ್ಟಡ ಕೆಡಹುವ ಮೊದಲು ಒಂದು ಹಂಚನ್ನು ಮಗುಚಿ ನೋಡಿ. ಮುದ್ರೆಯ ಫೋಟೊ ತೆಗೆದು, ಊರು, ಕಟ್ಟಡ, ಅದು ಕಟ್ಟಿದ ವರ್ಷ ಬರೆದಿಡಿ. ಬೇರೆ ಬೇರೆ ಮುದ್ರೆಯ ಒಂದೊಂದು ಹಂಚನ್ನು ಊರಿನ ಶಾಲೆಗೋ ಗ್ರಂಥಾಲಯಕ್ಕೋ ಕೊಡಿ. ಇದಕ್ಕೆ ಹಣ ಬೇಕಿಲ್ಲ, ಈಜು ಬರಬೇಕಿಲ್ಲ. ಮುಂದೆ ಕರಾವಳಿಯಲ್ಲಿ ಇನ್ನೊಂದು ಹಂಚಿನ ಹಡಗು ಸಿಕ್ಕಾಗ, ಅದು ಯಾವ ಕಾಲದ್ದೆಂದು ಹೇಳಬಲ್ಲ ಪುರಾವೆ ಗದಗ ಜಿಲ್ಲೆಯ ಒಂದು ಹಳ್ಳಿಯಿಂದ ಬರುವುದು ಖಂಡಿತ ಸಾಧ್ಯ.