ಜಿರೇನಿಯಂ ಗಿಡ: ಮಲೆನಾಡಿಗೊಂದು ಪಂಚಾಂಗ, ಜಮಖಂಡಿಗೊಂದು

ನಮ್ಮ ಸದಸ್ಯ ಬಾಂಧವರಲ್ಲಿ ಕೆಲವರು ಹೆಣ್ಣುಮಕ್ಕಳನ್ನು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಗೆ ಕೊಟ್ಟಿದ್ದಾರೆ. ಸಕ್ಕರೆ ಕಾರ್ಖಾನೆ, ಬ್ಯಾಂಕುಗಳ ನೌಕರಿಗೆಂದು ಅತ್ತ ಹೋದ ಮಕ್ಕಳೂ ಉಂಟು. ಊರಿಗೆ ಬಂದವರು ಹಿಂತಿರುಗುವಾಗ ಕಾಫಿಪುಡಿ, ಕಾಳುಮೆಣಸಿನ ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಜಿರೇನಿಯಂ ಕಡ್ಡಿಗಳನ್ನೂ ಒಯ್ಯುತ್ತಾರೆ. ಅಲ್ಲಿ ಸಂಕ್ರಾಂತಿಗೆ ಹೂ ಬಿಟ್ಟ ಗಿಡ ಬಸವ ಜಯಂತಿಯ ಹೊತ್ತಿಗೆ ಒಣಗಿ ನಿಂತಿರುತ್ತದೆ. ಇತ್ತ ತಾಯಿಗಿಡ ಆರಿದ್ರಾ ಮಳೆಗೆ ಬುಡ ಕೊಳೆತು ಮಲಗಿರುತ್ತದೆ. ಸೊಸೆಯ ಕೈಗುಣ ಸರಿಯಿಲ್ಲವೆಂದು ಅಲ್ಲಿ ಮಾತು ಬರುತ್ತದೆ. ಇದು ಕೈಗುಣದ ದೋಷವಲ್ಲ, ತಿಂಗಳು ತಪ್ಪಿದ ದೋಷ ಎಂದು ತಿಳಿಸುವುದಕ್ಕಾಗಿಯೇ ಈ ಬಾರಿ ಕಾಫಿ-ಅಡಿಕೆಯನ್ನು ಬದಿಗಿಟ್ಟು ಹೂವಿನ ವಿಷಯ ಬರೆಯುತ್ತಿದ್ದೇವೆ.

ನಾವು ಜಿರೇನಿಯಂ ಎನ್ನುವ ಈ ಗಿಡದ ಶಾಸ್ತ್ರೀಯ ನಾಮ ಪೆಲಾರ್ಗೋನಿಯಂ. 1753ರಲ್ಲಿ ಲಿನೇಯಸ್ ಇದನ್ನು ಜಿರೇನಿಯಂ ಜಾತಿಯಲ್ಲೇ ಸೇರಿಸಿದ್ದನು. 1789ರಲ್ಲಿ ಬೇರೆ ಜಾತಿ ಮಾಡಿದರೂ ಹಳೆಯ ಹೆಸರೇ ಜನರ ಬಾಯಲ್ಲಿ ಉಳಿಯಿತು. ಇದರ ತವರು ದಕ್ಷಿಣ ಆಫ್ರಿಕ. ವರ್ಷದಲ್ಲಿ ಕೆಲವು ತಿಂಗಳು ಮಳೆಯಿಲ್ಲದ ನೆಲದಲ್ಲಿ ಹುಟ್ಟಿದ್ದರಿಂದ ದಪ್ಪ ಕಾಂಡದಲ್ಲಿ ನೀರು ಕೂಡಿಟ್ಟುಕೊಂಡು, ಕಷ್ಟಕಾಲದಲ್ಲಿ ಬೆಳವಣಿಗೆ ನಿಲ್ಲಿಸಿ ವಿಶ್ರಾಂತಿ ಪಡೆಯುವುದು ಅದರ ಸ್ವಭಾವ. ವಿಶ್ರಾಂತಿಯಲ್ಲಿರುವ ಗಿಡಕ್ಕೆ ನೀರು ಗೊಬ್ಬರ ಸುರಿಯುವುದೇ ಹೆಚ್ಚಿನ ಸಾವಿಗೆ ಕಾರಣ.

ಯುರೋಪಿನಲ್ಲಿ ಇದನ್ನು ಕೊಲ್ಲುವುದು ಹಿಮ. ಆದ್ದರಿಂದ ಅಲ್ಲಿಯವರು ಚಳಿಗಾಲಕ್ಕೆ ಮುಂಚೆ ಗಿಡವನ್ನು ಅರ್ಧಕ್ಕೆ ಸವರಿ, ಮನೆಯೊಳಗೆ ತಂದು, ನೀರು ಕಡಿಮೆ ಮಾಡಿ ಕಾಪಾಡುತ್ತಾರೆ. ಆ ಪುಸ್ತಕಗಳನ್ನು ಓದಿ ನಮ್ಮವರೂ ನವೆಂಬರಿನಲ್ಲಿ ಕುಂಡವನ್ನು ಒಳಗಿಡುವುದುಂಟು. ನಮ್ಮಲ್ಲಿ ಅದು ಹೂ ಬಿಡುವ ಕಾಲ! ಉಪಾಯ ಸರಿಯಾದದ್ದೇ, ತಿಂಗಳು ಮಾತ್ರ ಬದಲಾಗಬೇಕು. ನಮ್ಮ ಹಿಮವೆಂದರೆ ಮಳೆಗಾಲ, ಜಮಖಂಡಿಯವರ ಹಿಮವೆಂದರೆ ಬೇಸಿಗೆ.

ಮಲೆನಾಡಿನಲ್ಲಿ ರೋಹಿಣಿ ಮಳೆಗೆ ಎರಡು ಮೂರು ವಾರ ಮುಂಚೆಯೇ ಗಿಡವನ್ನು ಮೂರರಲ್ಲೊಂದು ಪಾಲು ಸವರಬೇಕು. ಕತ್ತರಿಸಿದ ಗಾಯ ಒಣಗಲು ಅಷ್ಟು ಕಾಲಾವಕಾಶ ಬೇಕು. ಅನಂತರ ಬೆಳಕು ಬೀಳುವ, ಎರಚಲು ತಾಗದ ಜಗಲಿಗೆ ಸೇರಿಸಿ, ಎಂಟು ಹತ್ತು ದಿನಕ್ಕೊಮ್ಮೆ ಒಂದು ಲೋಟ ನೀರು ಕೊಟ್ಟರೆ ಸಾಕು. ಗೊಬ್ಬರ ಬೇಡ. ಬಾಡಿದ ಹೂ, ಹಳದಿ ಎಲೆಗಳನ್ನು ತೆಗೆಯುತ್ತಿರಬೇಕು, ಇಲ್ಲವಾದರೆ ಬೂದು ಬೂಸು ಹಿಡಿಯುತ್ತದೆ. ಬುಡದಲ್ಲಿ ಕಾಂಡ ಕಪ್ಪಾಗಿ ಮೆತ್ತಗಾದರೆ ಅದು ಸಾಮಾನ್ಯವಾಗಿ ಪಿಥಿಯಂ ರೋಗ. ಅಡಿಕೆಯ ಕೊಳೆರೋಗ ತರುವ ಫೈಟಾಫ್ತೊರದ ಹತ್ತಿರದ ನಂಟ. ಬೋರ್ಡೋ ದ್ರಾವಣ ಹೊಡೆದರೆ ಕಪ್ಪಾದ ಬುಡ ಮರಳಿ ಹಸಿರಾಗುವುದಿಲ್ಲ. ಮೇಲಿನ ಒಳ್ಳೆಯ ತುದಿಗಳನ್ನು ಕಡ್ಡಿ ಮಾಡಿಕೊಂಡು, ಗಿಡವನ್ನೂ ಕುಂಡದ ಮಣ್ಣನ್ನೂ ದೂರ ಎಸೆಯುವುದೇ ಲೇಸು.

ಇನ್ನು ಕೃಷ್ಣಾ-ಘಟಪ್ರಭಾ ಸೀಮೆಯ ಮಾತು. ಅಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಅದಕ್ಕೆ ಬಹಳ ಮುಂಚೆಯೇ ಜಿರೇನಿಯಂ ಮೊಗ್ಗು ನಿಲ್ಲಿಸುತ್ತದೆ. ಗಿಡ ಬಾಡಿತೆಂದು ಮಧ್ಯಾಹ್ನ ನೀರು ಹೊಯ್ದರೆ ಕಾದ ಕುಂಡದಲ್ಲಿ ಬೇರು ಬೇಯುತ್ತದೆ. ಶಿವರಾತ್ರಿ ಕಳೆದೊಡನೆ ಅರ್ಧಕ್ಕೆ ಸವರಿ, ಮುಂಜಾನೆಯ ಬಿಸಿಲು ಮಾತ್ರ ಬೀಳುವ ಮೂಡಣ ಗೋಡೆಯ ಮರೆಗೆ ಇಡಬೇಕು. ತಗಡಿನ ಡಬ್ಬ ಬೇಡ, ಮಣ್ಣಿನ ಕುಂಡ ಬೇಕು. ಆ ಕುಂಡವನ್ನು ಇನ್ನೊಂದು ದೊಡ್ಡ ಕುಂಡದೊಳಗಿಟ್ಟು ನಡುವೆ ಮರಳು ತುಂಬಿದರೆ ಬೇರು ತಂಪಾಗಿರುತ್ತದೆ. ನೀರನ್ನು ಬೆಳಗಿನ ಜಾವ, ಮೇಲಿನ ಮಣ್ಣು ಒಂದು ಅಂಗುಲ ಒಣಗಿದ ಮೇಲೆ ಮಾತ್ರ ಕೊಡಬೇಕು.

ಅಲ್ಲಿ ಮಣ್ಣಿನದೂ ಒಂದು ತೊಡಕು. ಎರೆಮಣ್ಣು ಕುಂಡಕ್ಕೆ ಸಲ್ಲದು. ನೀರು ಕಂಡರೆ ಉಬ್ಬಿ, ಒಣಗಿದರೆ ಬಿರಿದು ಬೇರನ್ನು ಹರಿಯುತ್ತದೆ. ಮಸಾರಿ ಮಣ್ಣು, ಮರಳು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಸಮಪಾಲು ಇರಲಿ. ಕೊಳವೆ ಬಾವಿಯ ಸವುಳು ನೀರಿನಿಂದ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿದರೆ, ತಿಂಗಳಿಗೊಮ್ಮೆ ಸಿಹಿ ನೀರನ್ನು ತಳದ ತೂತಿನಿಂದ ಇಳಿದುಹೋಗುವಷ್ಟು ಹೊಯ್ಯಬೇಕು. ಸವಳು-ಜವಳಿನಿಂದ ಕಬ್ಬಿನ ಹೊಲ ಕಳೆದುಕೊಂಡ ಆ ಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಡ್ಡಿ ನೆಡಲು ಎರಡೂ ಕಡೆ ಚಿತ್ತೆ ಮಳೆ ಮುಗಿದ ಮೇಲೆ ಸೂಕ್ತ ಕಾಲ. ಹೂವಿಲ್ಲದ ತುದಿಯನ್ನು ಮೂರು ನಾಲ್ಕು ಅಂಗುಲ ಉದ್ದಕ್ಕೆ, ಗಿಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಒಂದು ರಾತ್ರಿ ನೆರಳಿನಲ್ಲಿ ಒಣಗಲು ಬಿಟ್ಟು ಮರಳುಮಿಶ್ರಿತ ಮಣ್ಣಿನಲ್ಲಿ ಊರಬೇಕು. ರೋಬಸ್ಟಾ ಕಡ್ಡಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ರೂಢಿಯಾದ ನಮ್ಮ ಕೈ ಇಲ್ಲಿ ಸುಮ್ಮನಿರಬೇಕು. ಮುಚ್ಚಿದರೆ ಕೊಳೆಯುತ್ತದೆ. ಮೂರು ನಾಲ್ಕು ವಾರಕ್ಕೆ ಬೇರು ಬರುತ್ತದೆ. ತಾಯಿಗಿಡ ಎಷ್ಟೇ ಚೆನ್ನಾಗಿದ್ದರೂ ವರ್ಷಕ್ಕೆ ಮೂರು ಕಡ್ಡಿಯಾದರೂ ಬೇರೆ ಬೇರೆ ಕುಂಡದಲ್ಲಿರಲಿ. ಅತ್ತೆಯ ಕಾಲದ ಬಣ್ಣ ಮನೆಯಲ್ಲಿ ಉಳಿಯುವುದು ಹೀಗೆ.

ಜಮಖಂಡಿಗೆ ಒಯ್ಯುವ ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಬಾರದು, ಬಸ್ಸಿನ ಸೆಕೆಗೆ ದಾರಿಯಲ್ಲೇ ಬೆಂದುಹೋಗುತ್ತದೆ. ಒಣ ವೃತ್ತಪತ್ರಿಕೆಯಲ್ಲಿ ಸಡಿಲವಾಗಿ ಸುತ್ತಿದರೆ ಎರಡು ದಿನ ಧಾರಾಳವಾಗಿ ತಾಳುತ್ತದೆ. ಬೇಕಾದವರು ಅಕ್ಟೋಬರ್ ಕೊನೆಯ ವಾರ ಸಂಘದ ಕಚೇರಿಗೆ ಬಂದರೆ ಕೆಂಪು ಮತ್ತು ಬಿಳಿ ಎರಡೂ ಬಣ್ಣದ ಕಡ್ಡಿ ಕೊಡುತ್ತೇವೆ. ಕಾಗದ ನೀವೇ ತನ್ನಿ.